ದಿನಕ್ಕೆ ಎರಡು ಸಲ

ಕೊರೋನಾ ಹಾವಳಿ ಮುಗಿದು, ಜನ ಮಾಸ್ಕ್ ತೆಗೆದು ಡಾಕ್ಟರ ಮುಂದೆ ಮತ್ತೆ ಬಾಯಿ ತೆರೆಯಲು ಧೈರ್ಯ ಮಾಡಿದ ವರ್ಷವದು. ಹಲ್ಲಿನ ವೈದ್ಯೆಯಾಗಿ ನನಗೆ ಇಪ್ಪತ್ತೇಳನೇ ವರ್ಷ. ಮನೆ ಬೆಳಗಾವಿಯಲ್ಲಿ, ಕೋಟೆಯ ಹತ್ತಿರ. ಕ್ಲಿನಿಕ್ ಖಾನಾಪುರದಲ್ಲಿ: ಎರಡು ಕೋಣೆ, ಒಂದು ಕುರ್ಚಿ. ವಾರಕ್ಕೆ ಆರು ದಿನ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಈಗ ಮೂರು ದಿನ ಮಾತ್ರ, ಸೊಂಟ ಕೇಳುವುದಿಲ್ಲ.

ಸೊಂಟಕ್ಕಿಂತ ಮೊದಲು ದಣಿದದ್ದು ನನ್ನ ನಾಲಿಗೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತವಂತೆ. ಇಲ್ಲಪ್ಪಾ, ಹಲ್ಲಿಗೂ ದೃಷ್ಟಿಗೂ ಸಂಬಂಧವಿಲ್ಲ. ಸ್ಕೇಲಿಂಗ್, ಅಂದರೆ ಹಲ್ಲಿಗೆ ಕಟ್ಟಿದ ಕಿಟ್ಟ ತೆಗೆಸಿದರೆ, ಹಲ್ಲು ಸಡಿಲಾಗುತ್ತವಂತೆ. ಹಲ್ಲನ್ನು ಹಿಡಿದಿರುವುದು ಎಲುಬು ತಾಯಿ, ಕಿಟ್ಟವಲ್ಲ. ಕಿಟ್ಟ ಉಳಿದರೆ ಆ ಎಲುಬೇ ಕರಗುತ್ತದೆ. ದವಡೆ ಹಲ್ಲು ಹೋದರೆ ಹೋಗಲಿ, ಯಾರಿಗೆ ಕಾಣುತ್ತದೆ? ಕಾಣುವುದಿಲ್ಲ, ಆದರೆ ಪಕ್ಕದ ಹಲ್ಲು ಆ ಸಂದಿಗೆ ವಾಲುತ್ತದೆ, ಎದುರಿನ ಹಲ್ಲು ಕೆಳಗಿಳಿಯುತ್ತದೆ, ಅಗಿಯುವುದೇ ಕೆಡುತ್ತದೆ. ಹೀಗೆ ದಿನಕ್ಕೆ ಮೂವತ್ತು ಜನಕ್ಕೆ ಅದನ್ನೇ ಹೇಳಿ ಹೇಳಿ ಸಾಕಾಗಿ, ಕೊನೆಗೆ ಗೋಡೆಗೆ ಒಂದು ಫಲಕ ಬರೆಸಿ ಹಾಕಿದೆ. ಕನ್ನಡ, ಮರಾಠಿ ಎರಡರಲ್ಲೂ ದೊಡ್ಡ ಅಕ್ಷರ: ದಿನಕ್ಕೆ ಎರಡು ಸಲ ಹಲ್ಲು ತಿಕ್ಕಿರಿ. ಓದು ಬಾರದವರಿಗೆ ನನ್ನ ಸಹಾಯಕಿ ಸುಮನಬಾಯಿ ಓದಿ ಹೇಳುತ್ತಿದ್ದರು. ಖಾನಾಪುರದವರೇ, ನನಗಿಂತ ನಾಲ್ಕು ವರ್ಷ ಹಿರಿಯರು. ನನ್ನ ಕೆಲಸ ಅಷ್ಟು ಕಡಿಮೆಯಾಯಿತೆಂದು ನನಗೆ ಖುಷಿ.

ದೀಪಾವಳಿ ಮುಗಿದ ವಾರ ಶಾಂತವ್ವ ಬಂದರು. ವಯಸ್ಸು ಐವತ್ತನಾಲ್ಕು. ರೊಟ್ಟಿ ಬಡಿಯುವುದು ಅವರ ಉದ್ಯೋಗ. ಸೊಸೆ ರೇಖಾಳ ಜೊತೆ ನಸುಕಿನಲ್ಲೇ ಒಲೆ ಹಚ್ಚಿ, ಇನ್ನೂರು ಜೋಳದ ರೊಟ್ಟಿ ಬಡಿದು, ಬುಟ್ಟಿ ಕಟ್ಟಿ ಬಸ್ಸಿಗೆ ಹಾಕುತ್ತಿದ್ದರು. ಅವು ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯ ಕ್ಯಾಂಟೀನಿಗೆ ಹೋಗುತ್ತಿದ್ದವು. ಕುರ್ಚಿಯಲ್ಲಿ ಕುಳಿತವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

"ಊರ ಮಂದಿಗೆಲ್ಲಾ ರೊಟ್ಟಿ ಬಡದ ಹಾಕತೀನ್ರಿ ಡಾಕ್ಟರಬಾಯಾರ. ನಾ ಬಡದದ್ದು ನನಗ ಕಡ್ಯಾಕ ಬರವಲ್ದು. ಹಾಲಾಗ ನೆನಸಿ ನುಂಗೂದಾಗೈತಿ. ಒಂದ ಕಟಕ ರೊಟ್ಟಿ ಕಟಕ್ಕಂತ ಕಡೀಬೇಕ್ರಿ, ಅಷ್ಟ ಮಾಡಿ ಕೊಡ್ರಿ."

ಹಲ್ಲು ಕಟ್ಟಿಸಿಕೊಳ್ಳಲು ಬರುವವರು ಸಾಮಾನ್ಯವಾಗಿ ಚೆಂದ ಕಾಣಬೇಕೆನ್ನುತ್ತಾರೆ, ಮಗನ ಮದುವೆಯ ಫೋಟೋ ಅನ್ನುತ್ತಾರೆ. ಇವರಿಗೆ ಬೇಕಾದದ್ದು ಒಣಗಿದ ಗಟ್ಟಿ ರೊಟ್ಟಿ ಮುರಿಯುವ ಒಂದು ಸಪ್ಪಳ. ನನಗೆ ಅವರು ಬಹಳ ಹಿಡಿಸಿದರು.

ಬಾಯಿ ನೋಡಿದೆ. ಕೆಳಗಿನ ದವಡೆ ಹಲ್ಲು ಎರಡೂ ಕಡೆ ಬಹುತೇಕ ಹೋಗಿದ್ದವು. ನಾಲ್ಕು ಉಳಿದಿದ್ದರೂ ಬೆರಳು ತಾಗಿದರೆ ಅಲುಗಾಡುತ್ತಿದ್ದವು. ಮುಂದಿನ ಹಲ್ಲುಗಳ ಬುಡದಲ್ಲಿ ಕಪ್ಪು ಕಲೆ. ಎಡಗಡೆ ಕೆಳಗೆ, ವಸಡಿಗೂ ಕೆನ್ನೆಗೂ ನಡುವಿನ ಸಂದಿಯಲ್ಲಿ, ಚರ್ಮ ಸ್ವಲ್ಪ ಬೆಳ್ಳಗೆ, ಒರಟಾಗಿತ್ತು. ಸಡಿಲ ಹಲ್ಲು ತಾಗಿ ಆಗಿರಬೇಕು ಎಂದುಕೊಂಡೆ. ಆದರೂ ಕೇಳುವ ಪ್ರಶ್ನೆ ಕೇಳಿದೆ: "ತಂಬಾಕ ತಿಂತೀರೇನ್ರಿ?"

"ಛೀ ಛೀ, ಏನ್ ಮಾತ್ರೀ ಅದು! ಲಿಂಗಾ ಕಟ್ಟಿದ ಮೈ ಐತ್ರಿ ಇದು. ನಮ್ಮ ಮನಿ ಹೊಸ್ತಿಲಾ ಸುದ್ದಾ ದಾಟಿಲ್ಲ ಅದು."

ನಾನು ಕಾರ್ಡಿನಲ್ಲಿ ಬರೆದೆ: ತಂಬಾಕು, ಇಲ್ಲ. ಹೊರಗೆ ಇನ್ನೂ ಹನ್ನೊಂದು ಜನ ಕುಳಿತಿದ್ದರು.

ನಾಲ್ಕು ಸಡಿಲ ಹಲ್ಲು ಎರಡು ಸಲಕ್ಕೆ ಕಿತ್ತೆ. ಹಲ್ಲು ಕಟ್ಟುವುದರಲ್ಲಿ ಮೂರು ದಾರಿ. ಬ್ರಿಜ್ ಕೂರಿಸಲು ಖಾಲಿ ಜಾಗದ ಎರಡೂ ಬದಿಗೆ ಗಟ್ಟಿ ಹಲ್ಲು ಬೇಕು. ಇವರಿಗೆ ಹಿಂದೆ ಹಲ್ಲೇ ಇಲ್ಲ. ಇಂಪ್ಲಾಂಟ್ ಅಂದರೆ ಎಲುಬಿಗೆ ಸ್ಕ್ರೂ ಕೂರಿಸುವುದು. ಅದನ್ನು ಕೇಳಿಯೇ ಶಾಂತವ್ವ ಎದ್ದು ನಿಂತರು. ಉಳಿದದ್ದು ಡೆಂಚರ್, ತೆಗೆದು ಹಾಕುವ ಹಲ್ಲಿನ ಸೆಟ್. ವಸಡು ಮಾಯಲು ಬಿಟ್ಟು, ಸಂಕ್ರಾಂತಿಯ ಹೊತ್ತಿಗೆ ಅಳತೆ ತೆಗೆದು ಕೂರಿಸಿದೆ. ರಾತ್ರಿ ತೆಗೆದು ನೀರಿನಲ್ಲಿಡಬೇಕು, ವಸಡಿಗೂ ವಿಶ್ರಾಂತಿ ಬೇಕು ಎಂದು ಹೇಳಿದೆ. "ಮತ್ತ ದಿನಾ ಎರಡ ಸಲ ತಿಕ್ಕಬೇಕ್ರಿ, ನಿಮ್ಮ ಹಲ್ಲೂ, ಈ ಹಲ್ಲೂ. ಮರೀಬ್ಯಾಡ್ರಿ." ಅವರು ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದರು.

ಒಂದು ವಾರಕ್ಕೆ ಎಡಗಡೆ ಹುಣ್ಣಾಗಿದೆ ಎಂದು ಬಂದರು. ಹೊಸ ಡೆಂಚರ್ ಒತ್ತಿ ಹುಣ್ಣಾಗುವುದು ಹೊಸ ಚಪ್ಪಲಿ ಕಚ್ಚಿದಷ್ಟೇ ಸಹಜ. ಅಂಚು ತಿಕ್ಕಿ ನುಣ್ಣಗೆ ಮಾಡಿ ಕಳಿಸಿದೆ. ಹತ್ತು ದಿನಕ್ಕೆ ಮತ್ತೆ ಬಂದರು. ಮತ್ತೆ ಅಂಚು ತಿಕ್ಕಿ, ಒಂದು ವಾರ ಹಾಕಲೇಬೇಡಿ, ಆಮೇಲೆ ಬನ್ನಿ ಎಂದೆ. ಬರಲಿಲ್ಲ. ಲಗ್ನದ ಸುಗ್ಗಿ, ಊಟದ ಮನೆಗಳಿಗೂ ರೊಟ್ಟಿ ಕೊಡಬೇಕಿತ್ತು. ನನಗೂ ನೆನಪಾಗಲಿಲ್ಲ, ಸುಳ್ಳೇಕೆ ಹೇಳಲಿ.

ಆರು ವಾರದ ಮೇಲೆ ರೇಖಾ ಅವರನ್ನು ಕೈ ಹಿಡಿದು ಎಳೆದುಕೊಂಡೇ ಬಂದಳು. "ಊಟಾ ಬಿಟ್ಟಾರ್ರಿ ಡಾಕ್ಟರ. ಏನ್ ಕೇಳಿದ್ರೂ ಏನಿಲ್ಲ, ಏನಿಲ್ಲ ಅಂತಾರ." ಶಾಂತವ್ವ ಸೆರಗಿನ ಗಂಟು ಬಿಚ್ಚಿ ಡೆಂಚರ್ ಕೈಗೆ ಕೊಟ್ಟರು. ಗುಲಾಬಿ ಬಣ್ಣದ್ದು, ಹೊಗೆ ಹಿಡಿದ ಗೋಡೆಯಂತೆ ಕಪ್ಪಾಗಿತ್ತು.

ನನಗೆ ಸಿಟ್ಟು ಬಂತು. ಇಪ್ಪತ್ತೇಳು ವರ್ಷದ್ದೆಲ್ಲ ಒಟ್ಟಿಗೆ ಬಂತು. "ಏನ್ರೀ ಶಾಂತವ್ವಾ ಇದು? ತಿಕ್ಕೇ ಇಲ್ಲಲ್ರೀ! ಎಷ್ಟ ಸಲ ಹೇಳಬೇಕ್ರಿ ನಿಮಗ?"

ಅವರ ಮುಖ ಸಣ್ಣದಾಯಿತು. "ತಿಕ್ಕೀನ್ರಿ. ದ್ಯಾವರಾಣಿ ತಿಕ್ಕೀನ್ರಿ. ಮೊದಲ ಮುಂಜಾನಿ ಒಂದ ಸಲ ತಿಕ್ಕತಿದ್ನಿ. ನೀವ ಹೇಳಿದಮ್ಯಾಲಿಂದ ದಿನಾ ಎರಡ ಸಲ. ಒಂದ ದಿನಾ ತಪ್ಪಿಸಿಲ್ರಿ. ಹುಣ್ಣ ಆದಮ್ಯಾಲ ಅಲ್ಲಿ ಒಂದ ಚಿಟಿಕಿ ಜಾಸ್ತೀನ ಹಚ್ಚೀನಿ, ಜೋಮ ಬಂದ ನೋವ ಕಡಿಮಿ ಆಕ್ಕೈತಂತ."

"ಏನ ಹಚ್ಚೀರಿ?"

"ಮಿಶ್ರಿ ರೀ. ಮತ್ತೇನ ಹಚ್ಚತಾರ?"

ಬಲಗೈ ಎತ್ತಿ ತೋರುಬೆರಳು ತೋರಿಸಿದರು. ಬೆರಳ ತುದಿ ಕಂದುಗಪ್ಪಾಗಿತ್ತು. ನಾಲ್ಕು ತಿಂಗಳು ಆ ಬೆರಳು ನನ್ನ ಕುರ್ಚಿಯ ಕೈಮೇಲೆ ಇತ್ತು, ನಾನು ನೋಡಿರಲಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮಿಶ್ರಿ ಅಂದರೆ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ‍್ರಗೆ ಹುರಿದು ಮಾಡಿದ ಪುಡಿ. ಬೆರಳಿಂದ ಹಲ್ಲು, ವಸಡಿಗೆ ತಿಕ್ಕಿ, ಒಂದಿಷ್ಟು ಹೊತ್ತು ಸಂದಿಯಲ್ಲಿ ಹಾಗೇ ಬಿಡುತ್ತಾರೆ. ನಮ್ಮ ಕಡೆ ಹೆಂಗಸರು ಅದನ್ನು ಚಟ ಎಂದುಕೊಂಡಿಲ್ಲ, ಹಲ್ಲುಜ್ಜುವುದು ಎಂದುಕೊಂಡಿದ್ದಾರೆ. ತಂಬಾಕು ಗಂಡಸರು ತಿಂದು ಉಗುಳುವ ಕೆಟ್ಟ ವಸ್ತು. ಮಿಶ್ರಿ ಬಾಯಿ ಸ್ವಚ್ಛ ಮಾಡುವ ವಸ್ತು. ಶಾಂತವ್ವ ಲಿಂಗಪೂಜೆಗೆ ಕೂರುವ ಮೊದಲು ಮಿಶ್ರಿ ತಿಕ್ಕಿ, ಬಾಯಿ ಮುಕ್ಕಳಿಸಿ, ಸ್ನಾನ ಮಾಡುತ್ತಿದ್ದರು. ಅವರು ನನಗೆ ಸುಳ್ಳು ಹೇಳಿರಲಿಲ್ಲ.

ಮತ್ತು ನನಗೆ ಇದೆಲ್ಲ ಗೊತ್ತಿತ್ತು. ಅದೇ ನನ್ನನ್ನು ಇವತ್ತಿಗೂ ಕೊರೆಯುವುದು. ನಮ್ಮಜ್ಜಿಯೇ ಮಿಶ್ರಿ ಹಚ್ಚುತ್ತಿದ್ದಳು. ಗೊತ್ತಿದ್ದೂ ಕೇಳಲಿಲ್ಲ, ಯಾಕೆಂದರೆ ಕಾರ್ಡಿನಲ್ಲಿ ಅಚ್ಚಾಗಿದ್ದ ಪ್ರಶ್ನೆ ತಂಬಾಕು ಮಾತ್ರ. ಆಮೇಲೆ ನನ್ನ ಬಾಯಿಂದಲೇ ಹೇಳಿ ಒಂದು ಸಲದ ವಿಷವನ್ನು ಎರಡು ಸಲ ಮಾಡಿಸಿದೆ.

ಕೈ ತೊಳೆದುಕೊಂಡು ಹುಣ್ಣು ನೋಡಿದೆ. ಅಂಚು ದಪ್ಪಗೆ ಎದ್ದಿತ್ತು, ಮುಟ್ಟಿದರೆ ಕಲ್ಲಿನಂತೆ ಗಟ್ಟಿ. ಬಾಯಿಯ ಯಾವ ಹುಣ್ಣಾದರೂ ಎರಡು ವಾರದಲ್ಲಿ ಮಾಯದಿದ್ದರೆ ತುಣುಕು ತೆಗೆದು ಪರೀಕ್ಷಿಸಬೇಕು; ಅದಕ್ಕೆ ಬಯಾಪ್ಸಿ ಎನ್ನುತ್ತಾರೆ. ಇದು ಮೊದಲ ವರ್ಷದ ಪಾಠ. ಮರುದಿನ ನಾನೇ ಅವರ ಜೊತೆ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಹೋದೆ. ಕ್ಯಾನ್ಸರ್ ಎಂದೇ ವರದಿ ಬಂತು. ಬೇಗ ಸಿಕ್ಕಿದೆ, ಉಳಿಯುತ್ತಾರೆ ಎಂದರು ಸರ್ಜನ್. ಆದರೆ ಕೆನ್ನೆಯ ಒಳಪದರದ ಒಂದು ಭಾಗ, ಎಡ ಕೆಳದವಡೆಯ ಎಲುಬಿನ ಮೇಲಂಚು ತೆಗೆಯಲೇಬೇಕಿತ್ತು. ಡೆಂಚರ್ ಕೂರುವುದು ಅದೇ ದಿಬ್ಬದ ಮೇಲೆ. ಆ ಕಡೆ ಇನ್ನು ಸೆಟ್ ನಿಲ್ಲುವುದಿಲ್ಲ.

ಆಪರೇಷನ್ನಿನ ಹಿಂದಿನ ದಿನ ಅವರ ಮಂಚದ ಬದಿಗೆ ಕುಳಿತು ಹೇಳಿದೆ. "ತಪ್ಪ ನಂದ ಐತ್ರಿ ಶಾಂತವ್ವಾ. ಮೊದಲ ದಿನಾನ ನಾ ಕೇಳಬೇಕಾಗಿತ್ತು. ಮ್ಯಾಲ ಎರಡ ಸಲ ತಿಕ್ಕರಿ ಅಂತ ನಾನ ಹೇಳಿದೆ."

ಅವರು, "ನೀವೂ ಖರೇ ಕೇಳಿದ್ರಿ, ನಾನೂ ಖರೇ ಹೇಳಿದ್ನಿ. ನಡುವ ಎಲ್ಲಿ ತಪ್ಪಿತೋ ಯಾರಿಗ್ಗೊತ್ತ," ಎಂದರು. ಆಮೇಲೆ ಕೇಳಿದರು: "ಕಟಕ ರೊಟ್ಟಿ ಇನ್ನ ಇಲ್ಲೇನ್ರಿ?"

"ಎಡಕ್ಕ ಇಲ್ರಿ. ಬಲಕ್ಕ ನೋಡೂಣು." ಹೊರಗೆ ಬಂದು ಅತ್ತೆ.

ಖಾನಾಪುರಕ್ಕೆ ಮರಳಿದ ದಿನ ಗೋಡೆಯ ಫಲಕ ಇಳಿಸಿದೆ. ಯಾಕೆಂದು ಸುಮನಬಾಯಿ ಕೇಳಿದರು. ಹೇಳಿದೆ. ಅವರು ಮೆಲ್ಲಗೆ ತಮ್ಮ ಪರ್ಸ್ ತೆಗೆದು, ಒಂದು ಪುಟ್ಟ ಡಬ್ಬಿ ಮೇಜಿನ ಮೇಲಿಟ್ಟರು. "ಮ್ಯಾಡಮ್, ನಾನೂ ಹಚ್ಚತೀನ್ರಿ. ತಂಬಾಕ ಅಂತ ಅನಿಸೇ ಇಲ್ಲ ನನಗ." ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹನ್ನೆರಡು ವರ್ಷ ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. ಬೈಯುವ ತ್ರಾಣ ನನಗಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಅವರ ಬಾಯಿ ನೋಡಿದೆ. ಪುಣ್ಯಕ್ಕೆ ಹುಣ್ಣಿರಲಿಲ್ಲ.

ಅವತ್ತಿನಿಂದ ನಾನು ಯಾರಿಗೂ ತಂಬಾಕು ತಿನ್ನುತ್ತೀರಾ ಎಂದು ಕೇಳುವುದಿಲ್ಲ. "ಮುಂಜಾನಿ ಎದ್ದ ಹಲ್ಲಿಗೆ ಏನ ಮಾಡತೀರಿ, ಮಾಡಿ ತೋರಸ್ರಿ" ಎನ್ನುತ್ತೇನೆ. ಕೆಲವರು ಬ್ರಶ್ ಹಿಡಿದಂತೆ ಮುಷ್ಟಿ ಕಟ್ಟುತ್ತಾರೆ. ಕೆಲವರ ತೋರುಬೆರಳು ತಾನಾಗಿ ಮೇಲೇಳುತ್ತದೆ. ಬುದ್ಧಿ ಹೇಳುವ ಮೊದಲು, ನಾನಾಡುವ ಮಾತು ಎದುರಿನವರ ಮನೆಯಲ್ಲಿ ಏನಾಗುತ್ತದೆ ಎಂದು ತಿಳಿದುಕೊಳ್ಳಬೇಕು. ಇದನ್ನು ಕಲಿಯಲು ನನಗೆ ಇಪ್ಪತ್ತೇಳು ವರ್ಷ ಮತ್ತು ಇನ್ನೊಬ್ಬರ ದವಡೆ ಬೇಕಾಯಿತು.

ಎಂಟು ತಿಂಗಳ ಮೇಲೆ ಶಾಂತವ್ವ ಬಂದರು. ಎಡಗೆನ್ನೆ ಒಳಗೆ ಸರಿದಿತ್ತು, ಮಾತು ಸ್ವಲ್ಪ ಒಂದು ಕಡೆಗೆ ಎಳೆಯುತ್ತಿತ್ತು. ಬಲಗಡೆಯ ವಸಡಿನಿಂದಲೇ ಅಷ್ಟಿಷ್ಟು ಅಗಿಯುತ್ತಾರಂತೆ. ರೊಟ್ಟಿ ಬಡಿಯುವುದು ಬಿಟ್ಟಿಲ್ಲ. ಪರೀಕ್ಷೆ ಮುಗಿಸಿ, ಗಾಯ ಚೆನ್ನಾಗಿ ಮಾದಿದೆ ಎಂದೆ. ಅವರು ಕುರ್ಚಿಯಿಂದ ಇಳಿಯಲಿಲ್ಲ.

"ಈಗ ಪೇಸ್ಟ್ ಹಚ್ಚತೀನ್ರಿ, ಬ್ರಶ್‌ಲೆ. ದಿನಾ ಎರಡ ಸಲ, ನೀವ ಹೇಳಿದ್ಹಂಗ. ಇನ್ನೇನರ ಮಾಡೂದ ಇದ್ರ ಹೇಳ್ರಿ, ಮಾಡತೀನಿ."

ಅವರ ಬಲಗೈ ಹಿಡಿದು ತೋರುಬೆರಳು ಬೆಳಕಿಗೆ ತಿರುಗಿಸಿದೆ. ತುದಿಗೆ ಬರೀ ಜೋಳದ ಹಿಟ್ಟು ಹತ್ತಿತ್ತು.