ಬೆಳಗ್ಗೆ ಬಾಯಿ ಬಿಡದ ರೇಡಿಯೋ

ನಮ್ಮ ಮನೆಯ ವಾಲ್ವ್ ರೇಡಿಯೋಗೆ ಅದೇನು ಹಟವೋ, ಆ ವರ್ಷದ ಚಳಿಗಾಲದಲ್ಲಿ ಬೆಳಗಿನ ಹೊತ್ತು ಬಾಯಿ ಬಿಡುವುದನ್ನೇ ನಿಲ್ಲಿಸಿತು. ದೀಪ ಹತ್ತುತ್ತಿತ್ತು, ಒಳಗೆ ವಾಲ್ವುಗಳು ಕೆಂಪಗಾಗುತ್ತಿದ್ದವು, ಸಣ್ಣಗೆ ಗುಂಯ್ ಎನ್ನುತ್ತಿತ್ತು. ಅಷ್ಟೇ. ಬಿಸಿಲೇರಿದ ಮೇಲೆ ಹಾಕಿದರೆ ಏನೂ ಆಗೇ ಇಲ್ಲವೆಂಬಂತೆ ಹಾಡುತ್ತಿತ್ತು. ಅದಕ್ಕೆ ಮೊದಲು ಅದರ ಕಾಯಿಲೆ ಬೇರೆ ಇತ್ತು. ವಾಲ್ಯೂಮ್ ತಿರುಪಿದರೆ ಸಾಕು, ಕರಕರ ಎಂದು ಕಿವಿ ಕೊರೆಯುತ್ತಿತ್ತು. ಅದು ತಾನಾಗಿ ನಿಂತಿತಲ್ಲ ಎಂದುಕೊಳ್ಳುವಷ್ಟರಲ್ಲಿ ಈ ಪೀಡೆ ಶುರುವಾಯಿತು. ಎತ್ತಿ ಬಾವಿಗೆ ಹಾಕೋಣ ಎನ್ನುವಷ್ಟು ಸಿಟ್ಟು ನನಗೆ.

ಬೇರೆ ಸಮಯವಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆ. ಆದರೆ ಬರುವ ಭಾನುವಾರ ಬೆಳಗಿನ ಜಾನಪದ ಕಾರ್ಯಕ್ರಮದಲ್ಲಿ ನಮ್ಮ ಅಕ್ಕ ಸೋಬಾನೆ ಹಾಡುವುದಿತ್ತು. ಬೇರೆ ಜಾತಿಯವನನ್ನು ಮದುವೆಯಾಗಿ ಅವಳು ತುಮಕೂರು ಸೇರಿದ ದಿನವೇ ಅಪ್ಪ, "ಇನ್ನು ಈ ಮನೇಲಿ ಅವಳ ಸುದ್ದಿ ಎತ್ಕೂಡ್ದು" ಎಂದುಬಿಟ್ಟಿದ್ದ. ಮಗಳ ದನಿ ಕೇಳದೆ ಅವ್ವ ಒಳಗೊಳಗೇ ಸೊರಗಿದ್ದಳು. ರೇಡಿಯೋ ಇನ್ನೂ ಕರಕರ ಎನ್ನುತ್ತಿದ್ದ ದಿನಗಳಲ್ಲೇ ಹಾಡಿನ ಸುದ್ದಿಯನ್ನು ಸೋದರಮಾವ ತಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದಾಗ ಅಪ್ಪ ಹಜಾರದಲ್ಲಿ ಅಟ್ಟದಿಂದ ಇಳಿಸಿದ ಕೊಬ್ಬರಿ ಒಡೆಯುತ್ತಾ ಕೂತಿದ್ದ. ಕೇಳಿಸಿತೋ ಇಲ್ಲವೋ, ತಲೆ ಎತ್ತಲಿಲ್ಲ.

ಶುಕ್ರವಾರ ರೇಡಿಯೋವನ್ನು ಕಂಬಳಿಯಲ್ಲಿ ಸುತ್ತಿ, ನೊಣವಿನಕೆರೆಯಲ್ಲಿ ಬಸ್ ಹತ್ತಿ, ತಿಪಟೂರಿನವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ರಿಪೇರಿಯವನು ಸ್ವಿಚ್ ಹಾಕಿ ವಾಲ್ವ್ ಕಾಯುವುದೇ ತಡ, ನನ್ನ ಮಾನ ಕಳೆಯಲೆಂದೇ ಹಾಡತೊಡಗಿತು!

"ಚೆನ್ನಾಗೇ ಐತಲ್ರೀ?"

"ಬೆಳಗ್ಗೆ ಹಾಡಲ್ಲ ಕಣ್ರೀ."

"ಹಂಗಾದ್ರೆ ಬೆಳಗ್ಗೇನೇ ಹಿಡೀಬೇಕು. ಹಿಂದಿನ ಹಲಗೆ ಬಿಚ್ಚಿ, ವಾಲ್ಯೂಮ್ ಪೂರ್ತಿ ತಿರುಪಿ. ಅದರ ಹಿಂದೆ ತಂತಿ ಬೆಸೆದಿರೋ ಮೂರು ಕಾಲವೆ, ನಡುವಿನ ಕಾಲಿಗೆ ಸ್ಕ್ರೂಡ್ರೈವರ್ ತಾಗಿಸಿ, ಅಲಗಿನ ಮೇಲೆ ಬೆರಳಿಡಿ. ಸ್ಪೀಕರ್ ಗುರ್ ಅಂದ್ರೆ ಅಲ್ಲಿಂದ ಮುಂದೆ ಎಲ್ಲಾ ಸರಿ. ಆಮೇಲೆ ಒಳಗಿಂದ ಹಾಡು ಬರೋ ಪಕ್ಕದ ಕಾಲು ಮುಟ್ಟಿ. ಅಲ್ಲಿ ಗುರ್ ಅನ್ನದಿದ್ರೆ ರೋಗ ವಾಲ್ಯೂಮ್ ಒಳಗೇ ಐತೆ ಅಂತ." ಆ ಕಾಲುಗಳನ್ನು ತೋರಿಸಿ ಮತ್ತೆ ಹೇಳಿದ: "ಇನ್ನೊಂದು ಕೈ ಬೆನ್ನ ಹಿಂದೆ ಇರ್ಲಿ. ವಾಲ್ವಿನ ಬುಡ ಮುಟ್ಟಿದ್ರೋ, ಕರೆಂಟು ಎತ್ತಿ ಒಗೆದುಬಿಡ್ತದೆ."

ಭಾನುವಾರ ತೋಟದಲ್ಲಿ ಮಂಜು ಇನ್ನೂ ಹರಿದಿರಲಿಲ್ಲ. ರೇಡಿಯೋ ಹಾಕಿದೆ. ಗುಂಯ್. ಅಯ್ಯೋ ಇದರ ಮನೆ ಹಾಳಾಗ!

"ಬೇಗ ನೋಡ್ಲಾ ಮಗ, ಹೊತ್ತಾಯ್ತದೆ," ಎಂದಳು ಅವ್ವ.

"ಸುಮ್ನಿರವ್ವ, ಕೈ ತಪ್ತದೆ!"

ಎಡಗೈ ಬೆನ್ನಿಗೆ ಹಾಕಿ, ಸ್ಕ್ರೂಡ್ರೈವರನ್ನು ನಡುವಿನ ಕಾಲಿಗೆ ತಾಗಿಸಿದೆ. ಗುರ್ ಎಂದಿತು. ಪಕ್ಕದ ಕಾಲಿಗೆ ತಾಗಿಸಿದೆ. ಏನೂ ಇಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ವಾಲ್ಯೂಮಿನ ಸಂದುಗಳಲ್ಲೆಲ್ಲ ಬೆಳ್ಳಗೆ ಮೇಣದಂಥದ್ದು ಮೆತ್ತಿಕೊಂಡಿತ್ತು. ಕೆರೆದು ಮೂಸಿದೆ. ಕೊಬ್ಬರಿ ಎಣ್ಣೆ!

ನಮ್ಮ ಕಡೆಯವರಿಗೆ ಕೊಬ್ಬರಿ ಎಣ್ಣೆ ಎಲ್ಲಕ್ಕೂ ಮದ್ದು. ಬಾಗಿಲು ಕಿರ್ರೆಂದರೂ ಅದೇ, ಹೊಲಿಗೆ ಮಿಷನ್ನು ಬಿಗಿಯಾದರೂ ಅದೇ. ಕರಕರಕ್ಕೂ ಯಾರೋ ಅದನ್ನೇ ಹುಯ್ದಿದ್ದರು. ಹಗಲು ಕರಗಿರುತ್ತಿದ್ದ ಎಣ್ಣೆ ಇರುಳ ಚಳಿಗೆ ಕಟ್ಟಿ, ಬೆಳಗ್ಗೆ ಒಳಗಿನ ದನಿಯನ್ನು ತಡೆದು ನಿಲ್ಲಿಸುತ್ತಿತ್ತು.

"ನಿಂಗೆ ಬುದ್ಧಿ ಐತೇನವ್ವಾ? ರೇಡಿಯೋಗೆ ಯಾರಾದ್ರೂ ಎಣ್ಣೆ ಹುಯ್ತಾರಾ?"

"ದೇವ್ರಾಣೆ ನಾನಲ್ಲ ಕಣ್ಲಾ!" ಅವ್ವ ಅತ್ತೇಬಿಟ್ಟಳು.

"ಅವಳನ್ಯಾಕ್ಲಾ ಬೈತೀಯ? ಸರಿ ಅತ್ಲಾಗೆ."

ಅಪ್ಪ. ಬಚ್ಚಲ ಒಲೆಯಿಂದ ಕಬ್ಬಿಣದ ಸೌಟಿನಲ್ಲಿ ಕರಟದ ಕೆಂಡ ತುಂಬಿಕೊಂಡು ಬಂದಿದ್ದ. ಅವ್ವ ಚಳಿಗಾಲದಲ್ಲಿ ತಲೆಗೆ ಹಚ್ಚುವ ಎಣ್ಣೆಯನ್ನು ಕರಗಿಸಲು ದಿನವೂ ಆ ಒಲೆಯ ಪಕ್ಕವೇ ಇಡುತ್ತಿದ್ದಳು. ಅಪ್ಪ ರೇಡಿಯೋ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆಂಡವನ್ನು ವಾಲ್ಯೂಮಿನ ತಿರುಪಿನ ಹತ್ತಿರ ಹಿಡಿದ. ನಮ್ಮ ಮುಖ ನೋಡಲಿಲ್ಲ.

"ಕರಕರ ಅಂತಿತ್ತಲ್ಲ. ಅವಳು ಹಾಡೋವಾಗ ಕೆಡಬಾರ್ದು ಅಂತ ನಾನೇ ಹುಯ್ದೆ."

ಅವ್ವ ಸೆರಗು ಬಾಯಿಗೊತ್ತಿಕೊಂಡಳು. ಮರದ ಪೆಟ್ಟಿಗೆಯ ಬಣ್ಣ ಸುಟ್ಟ ವಾಸನೆ ಬರತೊಡಗಿತು. ಅಪ್ಪನ ಕೈಯೂ ಸುಡುತ್ತಿದ್ದಿರಬೇಕು, ಆದರೂ ಸೌಟು ಅಲುಗಲಿಲ್ಲ. ನಾನು ತಿರುಪನ್ನು ಹಿಂದೆ ಮುಂದೆ ಆಡಿಸುತ್ತಲೇ ಇದ್ದೆ. ಮೊದಲು ಪಿಸುಮಾತಿನಷ್ಟು ಸಣ್ಣಗೆ, ಆಮೇಲೆ ತೆಳ್ಳಗೆ ಒಂದು ಹೆಣ್ಣುದನಿ ಬಂತು. ಹಾಡು ಆಗಲೇ ಶುರುವಾಗಿತ್ತು. ಅಕ್ಕನೇ!

ಅಪ್ಪ ಕೆಂಡ ಕೆಳಗಿಡಲಿಲ್ಲ.

"ಇನ್ನೊಂಚೂರು ಜೋರು ಮಾಡ್ಲಾ," ಎಂದ.

ತಿರುಪಿದೆ. ಒಂದು ಚೂರೂ ಕರಕರ ಎನ್ನಲಿಲ್ಲ.