ಪಂಚಾಕ್ಷರಪ್ಪ ಸರ್ ಮಳೆ ಪುಸ್ತಕ

ಮೊನ್ನೆ ಮಗಳಿಗೆ ಕೆಮ್ಮು ಹತ್ತಿತ್ತು. ಔಷಧಿಯನ್ನು ಸೀಸೆಯ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಲೋಟಕ್ಕೆ ಸುರಿದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಮಂಡಿ ಬಗ್ಗಿಸಿ ಕಣ್ಣನ್ನು ಗೆರೆಯ ನೇರಕ್ಕೆ ತಂದುಕೊಂಡು ನೋಡುತ್ತಿದ್ದೆ. ತುಳಸಿ, ಶುಂಠಿ, ಸಕ್ಕರೆಪಾಕ ಎಲ್ಲ ಕಲಸಿದ ಘಾಟು ಮೂಗಿಗೆ ಬಡಿಯುತ್ತಿತ್ತು. ಯಜಮಾನರು ಬಾಗಿಲಲ್ಲಿ ನಿಂತು, "ಔಷಧಿ ಕುಡಿಸ್ತೀಯೋ, ಲೋಟದಾಗೆ ಭವಿಷ್ಯ ನೋಡ್ತೀಯೋ?" ಎಂದು ನಕ್ಕರು. ನಗಲಿ ಬಿಡಿ. ಇಪ್ಪತ್ತೈದು ವರ್ಷದಿಂದ ನಾನು ಏನನ್ನೂ ನಿಂತುಕೊಂಡು ಅಳೆದವಳಲ್ಲ. "ಬಗ್ಗವ್ವ ಕೊಟ್ರಮ್ಮ, ನೀರು ನಿನ್ನೆತ್ತರಕ್ಕೆ ಬರಾಕಿಲ್ಲ, ನೀನೇ ಅದರ ಮಟ್ಟಕ್ಕೆ ಇಳೀಬೇಕು" ಎಂದು ಪಂಚಾಕ್ಷರಪ್ಪ ಸರ್ ಹೇಳಿದ್ದು ನನಗಿಂತ ಹೆಚ್ಚಾಗಿ ನನ್ನ ಮಂಡಿಗೆ ನೆನಪಿದೆ.

ಸರ್ ಜಗಳೂರಿನ ಕಾಲೇಜಿನಲ್ಲಿ ನಮಗೆ ಬಿ.ಎ. ತರಗತಿಗೆ ಭೂಗೋಳ ಹೇಳುತ್ತಿದ್ದರು. ನಕಾಶೆ ಬರೆಯಬೇಕಾಗುತ್ತದೆ, ಪ್ರಾಕ್ಟಿಕಲ್ ಇರುತ್ತದೆ ಎಂದು ಹೆದರಿ ಎಲ್ಲರೂ ಇತಿಹಾಸದ ಕಡೆ ಓಡುತ್ತಿದ್ದರು. ಓಡಲು ತಿಳಿಯದ ನಾವು ಏಳು ಜನ ಉಳಿದುಕೊಂಡೆವು. ಕಾರಿಡಾರಿನ ಕೊನೆಯ ಕೋಣೆ ನಮ್ಮದು. ಸುರುಳಿ ಸುತ್ತಿಟ್ಟ ಬಟ್ಟೆಯ ನಕಾಶೆಗಳ ಧೂಳು, ಸುಣ್ಣದ ಗೋಡೆ, ಇಂಡಿಯನ್ ಇಂಕಿನ ವಾಸನೆ, ಧ್ರುವದ ಹತ್ತಿರ ನೆಗ್ಗಿಹೋಗಿದ್ದ ಒಂದು ಗ್ಲೋಬು. ಸರ್ ಅವರ ಊರು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ. ವಾರವೆಲ್ಲ ಜಗಳೂರಿನಲ್ಲಿ ರೂಮು ಮಾಡಿಕೊಂಡಿದ್ದು ಶನಿವಾರ ಊರಿಗೆ ಹೋಗುತ್ತಿದ್ದರು. ಸೋಮವಾರ ಬರುವಾಗ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಖಾರ ಮಂಡಕ್ಕಿ ಕಟ್ಟಿಸಿಕೊಂಡು ತರುತ್ತಿದ್ದರು. ನಕಾಶೆಯ ಮೇಜಿನ ಮೇಲೆ ಪೇಪರು ಹಾಸಿ ಎಂಟೂ ಜನ ಕೈ ಹಾಕಿ ತಿನ್ನುತ್ತಿದ್ದೆವು. ಕಾಲೇಜಿನಲ್ಲಿ ನನಗೊಂದು ಮನೆ ಅಂತ ಇದ್ದಿದ್ದರೆ ಅದೇ.

ಪಾಠ ಹೇಳುವುದೋ, ಅಬ್ಬಾ! ಬೆಟ್ಟವನ್ನು ಕಾಗದದ ಮೇಲೆ ಗೆರೆಗಳಲ್ಲಿ ಹೇಗೆ ತೋರಿಸುತ್ತಾರೆ ಎನ್ನುವುದು ನಮ್ಮ ತಲೆಗೆ ಹತ್ತಲೇ ಇಲ್ಲ. ಸರ್ ನನ್ನ ಕೈ ಮುಷ್ಟಿ ಹಿಡಿಸಿ ಮೇಜಿನ ಮೇಲೆ ಇಡಿಸಿದರು. ಬೆರಳಿನ ಗಂಟಿನ ಸುತ್ತ ಪೆನ್ನಿನಿಂದ ಒಂದರ ಕೆಳಗೊಂದು ಸುತ್ತು ಗೆರೆ ಎಳೆದು, "ಈಗ ಕೈ ಬಿಚ್ಚು" ಎಂದರು. ಬಿಚ್ಚಿದೆ. ಬೆಟ್ಟ ಹೋಗಿ ನಕಾಶೆ ಆಗಿತ್ತು! ಆ ಶಾಯಿಯನ್ನು ನಾಲ್ಕು ದಿನ ತೊಳೆಯದೆ ಉಳಿಸಿಕೊಂಡಿದ್ದೆ. ಅವ್ವ ನೋಡಿ, ಕಾಲೇಜಿನಲ್ಲಿ ಹಚ್ಚೆ ಹಾಕಿಸಿಕೊಂಡಳು ಎಂದು ಗಾಬರಿಯಾಗಿದ್ದಳು.

ಆದರೆ ಸರ್ ಜೀವ ಇದ್ದದ್ದು ಮಳೆಮಾಪಕದಲ್ಲಿ. ಕಾಲೇಜಿನ ಮೈದಾನದ ಮೂಲೆಯಲ್ಲಿ ತಂತಿಬೇಲಿಯೊಳಗೆ ತಗಡಿನ ಡಬ್ಬಿ, ಅದರೊಳಗೆ ಆಲಿಕೆ ಮತ್ತು ಸೀಸೆ. ದಿನಾ ಬೆಳಿಗ್ಗೆ ಎಂಟೂವರೆಗೆ ಬೀಗ ತೆಗೆದು, ಸೀಸೆಯಲ್ಲಿ ಬಿದ್ದ ನೀರನ್ನು ಗೆರೆ ಹಾಕಿದ ಅಳತೆಯ ಗಾಜಿಗೆ ಸುರಿದು ಅಳೆದು, ಉದ್ದನೆಯ ಪುಸ್ತಕದಲ್ಲಿ ಬರೆದು, ಮುಂದೆ ಸಹಿ ಹಾಕಬೇಕು. ಹದಿನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿರಲಿಲ್ಲ. ಸರ್ ಊರಿಗೆ ಹೋದ ದಿನ ಯಾರಾದರೊಬ್ಬ ವಿದ್ಯಾರ್ಥಿ ನೋಡಿ ಬರೆಯುತ್ತಿದ್ದ. ಊರ ಜನಕ್ಕೆ ಇದೊಂದು ತಮಾಷೆ. "ಕೆರೆ ನೀರಿರೋ ಸೀಮೆಯಿಂದ ಬಂದು ಜಗಳೂರಾಗೆ ಮಳೆ ಅಳೀತಾರಂತೆ! ಅಳಿಯಾಕೆ ಏನೈತ್ರಿ ಇಲ್ಲಿ?" ಎಂದು ಚಹದಂಗಡಿಯಲ್ಲಿ ಚುಡಾಯಿಸುತ್ತಿದ್ದರು. ಪುಸ್ತಕ ತೆಗೆದರೆ ಪುಟಗಟ್ಟಲೆ ಬರೀ ಸೊನ್ನೆ. ಅವನ್ನೂ ಸರ್ ಮುತ್ತು ಪೋಣಿಸಿದಂತೆ ದುಂಡಗೆ ಬರೆದಿರುತ್ತಿದ್ದರು.

ಎರಡನೆಯ ವರ್ಷ ಬೀಗದಕೈ ನನಗೆ ಕೊಟ್ಟರು. ಏಳು ಜನರಲ್ಲಿ ನನಗೆ! ಕುರಿ ಸಾಕುವವರ ಮನೆಯ ಹುಡುಗಿ, ಇಂಗ್ಲಿಷ್ ಪೀರಿಯಡ್ಡಿನಲ್ಲಿ ತಲೆ ಎತ್ತದವಳು. ಅಲ್ಲಿಯವರೆಗೆ ಯಾರೂ ನನ್ನನ್ನು ಯಾವುದಕ್ಕೂ ಆರಿಸಿರಲಿಲ್ಲ. ಹಾಸ್ಟೆಲಿನಲ್ಲಿ ಆ ಬೀಗದಕೈಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಮಲಗುತ್ತಿದ್ದೆ.

ಆ ವರ್ಷ ಯುಗಾದಿಗೆ ಇನ್ನೂ ಹದಿನೈದು ದಿನ ಇತ್ತು. ತಮ್ಮನ ಮಗಳ ಮದುವೆಗೆಂದು ಸರ್ ನಾಲ್ಕು ದಿನ ರಜೆ ಹಾಕಿ ಊರಿಗೆ ಹೊರಟರು. "ನೀನಿದೀಯಲ್ಲ, ನನಗೇನು ಚಿಂತೆ" ಎಂದು ಹೋದರು. ಅದೇ ಸಂಜೆ ಅಪ್ಪ ಹೇಳಿ ಕಳಿಸಿದ, ಕುರಿ ಉಣ್ಣೆ ಕತ್ತರಿಸುವುದಿದೆ, ಬಾ ಎಂದು. ನಮ್ಮಲ್ಲಿ ಅದು ಹಬ್ಬವೇ. ಬೀಗರು ಬರುತ್ತಾರೆ, ಹೋಳಿಗೆ ಮಾಡುತ್ತಾರೆ, ಕುರಿಗಳನ್ನು ಮೀಯಿಸಿ ಮರದ ಕೆಳಗೆ ಸಾಲಾಗಿ ಕೂಡಿಸಿಕೊಂಡು ಕತ್ತರಿ ಆಡಿಸುತ್ತಾರೆ. ನಾನು ಆಕಾಶ ನೋಡಿದೆ. ಒಂದು ಚೂರು ಮೋಡವಿಲ್ಲ. ಹಿಂದಿನ ವರ್ಷಗಳ ಅದೇ ತಿಂಗಳ ಪುಟಗಳನ್ನು ತಿರುವಿದೆ. ಹದಿನಾಲ್ಕು ವರ್ಷವೂ ಸೊನ್ನೆ. ಇನ್ನೇನು ಬೇಕು? ಮುಂದಿನ ನಾಲ್ಕು ದಿನಕ್ಕೆ ನಾಲ್ಕು ದುಂಡು ಸೊನ್ನೆ ಬರೆದು, ಮುಂದೆ ಸಹಿ ಹಾಕಿ, ಕೊನೆಯ ಬಸ್ಸು ಹತ್ತಿದೆ.

ಎರಡನೆಯ ದಿನ ಸಂಜೆ ಎಲ್ಲಿತ್ತೋ ಏನೋ, ದಬದಬ ಮಳೆ! ಕತ್ತರಿಸಿದ ಉಣ್ಣೆ ನೆನೆಯುತ್ತದೆಂದು ಗಂಡಸರು ಹೊದಿಸಲು ಗೋಣಿತಾಟು ಹಿಡಿದು ಓಡಿದರು. ಹುಡುಗರು ಅಂಗಳದಲ್ಲಿ ಕುಣಿದರು. ಅಪ್ಪ ಅಂಗಿ ತೆಗೆದು ಮಳೆಗೆ ಮೈಯೊಡ್ಡಿ ನಿಂತ. ನಾನೊಬ್ಬಳು ಕಂಬ ಹಿಡಿದು ಅಳುತ್ತಿದ್ದೆ. "ಜಗಳೂರು ಸೀಮ್ಯಾಗೆ ಮಳೆ ಬಂತು ಅಂತ ಅಳೋಳು ನೀನೊಬ್ಬಳೇ ನೋಡು! ಏನಾತೇ ನಿಂಗೆ?" ಎಂದು ಅವ್ವ ಬೈದಳು. ಏನೆಂದು ಹೇಳಲಿ? ಮೂರನೆಯ ದಿನವೂ ಬಿತ್ತು. ರಸ್ತೆ ಕೊಚ್ಚಿಹೋಗಿ ಬಸ್ಸಿರಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಕಾಲೇಜು ಮುಟ್ಟಿ, ಬೇಲಿಯ ಬೀಗ ತೆಗೆದು ಸೀಸೆ ಎತ್ತಿದರೆ ಭಾರವಾಗಿತ್ತು. ಊರಲ್ಲಿ ಬಿದ್ದದ್ದು ಇಲ್ಲೂ ಬಿದ್ದಿತ್ತು. ಗಾಜು ಒಂದು ಸಲ ತುಂಬಿ ಎರಡನೆಯ ಸಲವೂ ಅರ್ಧ ದಾಟಿತು. ಮೂವತ್ತೊಂದು ಪಾಯಿಂಟ್ ಆರು ಮಿಲಿಮೀಟರು.

ಯಾವ ದಿನ ಎಷ್ಟು? ವಾಚ್‌ಮನ್ನನ್ನು ಕೇಳಿದೆ. "ಮೊನ್ನೆನೂ ಹುಯ್ತು, ನಿನ್ನೆನೂ ಹುಯ್ತು. ಹುಯ್ತಲ್ಲ, ಸಾಕು ಬಿಡವ್ವ" ಎಂದ. ಕೊನೆಗೆ ಬ್ಲೇಡಿನಿಂದ ಎರಡು ಸೊನ್ನೆ ಕೆರೆದೆ. ಮನೆಯಲ್ಲಿ ಅಕ್ಕನಿಗೂ ನನಗೂ ಅವ್ವ ಬೆಲ್ಲ ಹಂಚುತ್ತಿದ್ದ ಹಾಗೆ ಮಳೆಯನ್ನು ಸಮ ಪಾಲು ಮಾಡಿ, ಎರಡು ದಿನಕ್ಕೂ ಹದಿನೈದು ಪಾಯಿಂಟ್ ಎಂಟು ಎಂದು ಬರೆದೆ. ಪೆದ್ದಿ! ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಹಾಕುವಷ್ಟೂ ಬುದ್ಧಿ ಓಡಲಿಲ್ಲ.

ಮರುದಿನ ಸರ್ ಮದುವೆಯ ಬೂಂದಿ ಲಾಡು ತಂದಿದ್ದರು. ಎಲ್ಲರ ಕೈಗೂ ಇಟ್ಟು, ಮಳೆ ಬಿದ್ದ ಖುಷಿಯಲ್ಲಿ ಪುಸ್ತಕ ತೆರೆದರು. ಬೆರಳು ಒಂದು ಕಡೆ ನಿಂತಿತು. ಉಳಿದವರೆಲ್ಲ ಹೋದ ಮೇಲೆ, "ಎರಡು ದಿನನೂ ಒಂದೇ ಅಳತೆ ಮಳೆ. ಹಿಂಗೆ ತಕ್ಕಡಿ ಹಿಡಿದು ಹುಯ್ಯೋ ಮೋಡ ನಾನು ನೋಡೇ ಇಲ್ಲವಲ್ಲವ್ವ" ಎಂದರು. ಕೆರೆದ ಜಾಗದಲ್ಲಿ ಕಾಗದ ತೆಳ್ಳಗಾಗಿ ಬೆಳಕು ಕಾಣುತ್ತಿತ್ತು. ಎಲ್ಲ ಹೇಳಿಬಿಟ್ಟೆ. ಉಣ್ಣೆ, ಬಸ್ಸು, ಬ್ಲೇಡು, ಎಲ್ಲ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿ, ಆ ಪುಟವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಆಮೇಲೆ ಕೆಂಪು ಶಾಯಿಯ ಪೆನ್ನು ಕೊಟ್ಟು ನನ್ನ ಕೈಯಿಂದಲೇ ನಾಲ್ಕು ದಿನದ ಅಂಕಿಯನ್ನೂ ಹೊಡೆದುಹಾಕಿಸಿದರು. ಮೊದಲ ಮೂರು ದಿನದ ಮುಂದೆ ಅಡ್ಡಗೆರೆ, ನಾಲ್ಕನೆಯದರ ಮುಂದೆ ಒಟ್ಟು ಅಳತೆ, 'ನಾಲ್ಕು ದಿನದ್ದು ಕೂಡಿ' ಎಂಬ ಮಾತು, ಪಕ್ಕದಲ್ಲಿ ನನ್ನ ಪೂರ್ತಿ ಹೆಸರು. ಮೊದಲ ದಿನ ಮಳೆ ಬಂದಿರಲಿಲ್ಲ, ಅದಾದರೂ ಸೊನ್ನೆ ಇರಲಿ ಸರ್ ಎಂದು ಬೇಡಿಕೊಂಡೆ. "ಬಂದಿರಲಿಲ್ಲ ಅಂತ ಇಲ್ಲಿ ಬಂದು ನೋಡಿದೇನು? ಸೊನ್ನೆ ಅಂದ್ರೆ, ಹೋಗಿ ನೋಡಿದೆ, ನೀರಿರಲಿಲ್ಲ ಅಂತ. ನೋಡದೇ ಇದ್ರೆ ಸೊನ್ನೆ ಬರಿಯಾಕೂ ನಮಗೆ ಹಕ್ಕಿಲ್ಲ" ಎಂದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. "ನಿಮ್ಮ ಹದಿನಾಲ್ಕು ವರ್ಷದ ಪುಸ್ತಕ ನನ್ನಿಂದ ಹಾಳಾತಲ್ಲ ಸರ್." ಅವರು ಶಾಯಿ ಆರಲೆಂದು ಪುಟಕ್ಕೆ ಊದುತ್ತ, "ಹಾಳಾಗಿಲ್ಲ. ಈ ಪುಟ ನೋಡಿದೋರು ಉಳಿದಿದ್ದನ್ನೆಲ್ಲ ನಂಬ್ತಾರೆ" ಎಂದರು. ಕೊರಳಿನ ದಾರ ಬಿಚ್ಚಿ ಬೀಗದಕೈ ಮೇಜಿನ ಮೇಲಿಟ್ಟೆ. ಅದನ್ನು ನನ್ನ ಕಡೆಗೇ ಸರಿಸಿ, "ನಾಳೆ ಎಂಟೂವರೆಗೆ ಯಾರು ಬರ್ತಾರೆ, ನಿಮ್ಮಪ್ಪನಾ?" ಎಂದು ಗದರಿದರು. ಅವತ್ತು ಬೈದದ್ದು ಅಷ್ಟೇ.

ಈಗ ನಾನು ಅಂಗನವಾಡಿ ನಡೆಸುತ್ತೇನೆ. ತಕ್ಕಡಿಯಲ್ಲಿ ಕೂರಿಸದ ಮಗುವಿನ ತೂಕ ಬರೆಯಲು ನನಗೆ ಕೈ ಬರುವುದಿಲ್ಲ. ಅಡ್ಡಗೆರೆ ಹಾಕಿ ಮೀಟಿಂಗಿನಲ್ಲಿ ಬೈಸಿಕೊಂಡದ್ದೂ ಉಂಟು. ಇದೆಲ್ಲ ಅವರು ಕೊಟ್ಟದ್ದು. ಆದರೆ ಅದನ್ನು ಅವರೆದುರು ಹೇಳಲಿಲ್ಲವಲ್ಲ, ಆ ಸಂಕಟ ಹೋಗುವುದಿಲ್ಲ. ನಾಚಿಕೆ. ನನ್ನ ಹೆಸರಿನ ಆ ಪುಟವನ್ನು ನನ್ನ ನಂತರ ಬಂದ ಎಷ್ಟು ಜನ ಓದಿದರೋ, ಎಷ್ಟು ಜನ ನಕ್ಕರೋ ಎಂದು ಆ ಕಾಲೇಜಿನ ಗೇಟಿನ ಮುಂದೆ ಹೋಗುವಾಗಲೂ ತಲೆ ತಗ್ಗಿಸುತ್ತಿದ್ದೆ. ಸರ್ ನಿವೃತ್ತರಾದರು. ಸೇರುವವರಿಲ್ಲದೆ ಭೂಗೋಳ ನಿಂತುಹೋಯಿತು. ಕೊನೆಯ ಕೋಣೆಯಲ್ಲಿ ಈಗ ಮುರಿದ ಬೆಂಚುಗಳಿವೆಯಂತೆ.

ಹೋದ ವರ್ಷ ಸರ್ ತೀರಿಕೊಂಡ ಸುದ್ದಿ ಬಂತು. ಶಿವಗಣಾರಾಧನೆಗೆ ಕತ್ತಲಗೆರೆಗೆ ಹೋದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತವಳು ಹೊನ್ನಾಳಿಯ ಒಂದು ಹೈಸ್ಕೂಲಿನಲ್ಲಿ ಟೀಚರು, ನನಗಿಂತ ಹತ್ತು ವರ್ಷ ಚಿಕ್ಕವಳು, ಸರ್ ಅವರ ಶಿಷ್ಯೆಯೇ. ಮಾತು ಮಳೆ ಪುಸ್ತಕಕ್ಕೆ ಬಂದಾಗ ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಳಿಸಿದೆ. "ಮೊದಲನೇ ಕ್ಲಾಸಿಗೇ ಬೀಗ ಹಾಕಿದ ಬೀರುವಿನಿಂದ ಹಳೇ ಪುಸ್ತಕ ತೆಗೆದು ಒಂದು ಪುಟ ತೋರಿಸೋರು ಅಕ್ಕ, ಕೆಂಪು ಗೆರೆ ಹಾಕಿದ್ದು. ತಪ್ಪು ಮಾಡಿದ್ರೆ ಹಿಂಗೆ ಒಪ್ಕೋಬೇಕು, ಧೈರ್ಯ ಬೇಕು ಇದಕ್ಕೆ ಅನ್ನೋರು. ಆದ್ರೆ ಹೆಸರು ಇರೋ ಜಾಗದ ಮ್ಯಾಲೆ ಅಂಗೈ ಒತ್ತಿ ಹಿಡ್ಕೊಂಡಿರೋರು. ನಾವು ಬಗ್ಗಿ ಬಗ್ಗಿ ನೋಡಿದ್ರೂ ಕೈ ತೆಗೀಲೇ ಇಲ್ಲ. ಯಾರು ಸರ್ ಅದು ಅಂದ್ರೆ, ನನ್ನ ಮಗಳು ಅನ್ನೋರು. ಅವರಿಗೆ ಹೆಣ್ಣುಮಕ್ಕಳೇ ಇರಲಿಲ್ಲವಂತೆ. ಯಾರಿರಬೌದು ಅಕ್ಕ ಅದು?"

ಎಲೆಯ ಮೇಲೆ ಬಡಿಸಿದ ಪಾಯಸ ಕಣ್ಣಿಗೆ ಮಂಜಾಯಿತು. ಇಷ್ಟು ವರ್ಷ ನಾನು ತಲೆ ತಗ್ಗಿಸಿ ನಡೆದಿದ್ದೆ. ಅವರು ಅಷ್ಟೂ ವರ್ಷ ಅಂಗೈ ಎತ್ತಿರಲಿಲ್ಲ.

"ನಾನೇ ಕಣವ್ವ" ಎಂದೆ. ಅಷ್ಟು ಜನರ ಮಧ್ಯೆ, ಜೋರಾಗಿಯೇ ಎಂದೆ.