ಯಾವುದು ಮೊದಲು, ಯಾವುದು ಆಮೇಲೆ

ಎಲ್ಲರೂ ಕಲ್ಲಣ್ಣ ಎಂದೇ ಕರೆಯುವ ನಮ್ಮ ಭೂವಿಜ್ಞಾನಿಗೆ ಯಾರ ವಯಸ್ಸೂ ಬೇಕಿಲ್ಲ, ಯಾವುದರ ಮೇಲೆ ಯಾವುದು ಕೂತಿದೆ ಅನ್ನುವುದಷ್ಟೇ ಬೇಕು. ಅಡಿಯ ಪದರ ಹಳೆಯದು, ಮೇಲಿನದು ಹೊಸದು ಎಂಬ ಬಂಡೆಯ ಲೆಕ್ಕವನ್ನು ಕುರ್ಚಿಯ ಮೇಲಿನ ಬಟ್ಟೆರಾಶಿಗೂ ಹಚ್ಚಿ, "ಈ ನೀಲಿ ಅಂಗಿ ಟವೆಲ್‌ಗಿಂತ ಹಿರಿಯ ಕಣೇ" ಎಂದು ಸಾರುತ್ತಾನೆ. "ಕಂಡುಹಿಡಿದ್ರಲ್ಲ, ಇನ್ನು ಒಗೆದೂ ಬಿಡಿ!" ಎನ್ನುತ್ತಾಳೆ ಹೆಂಡತಿ. ರಸ್ತೆ ಅಗೆದದ್ದು ಕಂಡರೆ ನಡುದಾರಿಯಲ್ಲೇ ಕುಕ್ಕರಗಾಲಲ್ಲಿ ಕೂತು, ಹಾರನ್ ಹೊಡೆದವರಿಗೆ "ತಾಳ್ರೀ, ಡಾಂಬರು ಹಾಕಿದ್ಮೇಲೆ ಅಗೆದಿದ್ದಾರೆ, ನೋಡಿ!" ಎಂದು ಪಾಠ ಮಾಡುತ್ತಾನೆ. ಮೇಲಧಿಕಾರಿಗಳಿಗೆ ಇವನೊಂದು ತಲೆನೋವು. ನನಗೆ ತಲೆನೋವು ಆ ಮೇಲಧಿಕಾರಿಗಳೇ. ಮೊನ್ನೆ ಶಾಲೆಯ ಹಿಂದಿನ ಗುಡ್ಡದಲ್ಲಿ ಬಿರುಕು ಕಂಡಾಗ ಆ ಮಹನೀಯರು "ಅಜ್ಜನ ಕಾಲದ್ದು ಬಿಡ್ರೀ, ಏನೂ ಆಗಲ್ಲ" ಎಂದು ಕಾರು ಹತ್ತಿದರು. ಕಲ್ಲಣ್ಣ ಮಾತ್ರ ಬಿರುಕಿನ ಜಾಡು ಹಿಡಿದು ಹತ್ತಿದ. ಅದು ಬಂಡೆಯ ಜೊತೆಗೆ, ಗುಡ್ಡ ಜಾರದಿರಲೆಂದು ಈ ವರ್ಷವಷ್ಟೇ ಬಳಿದ ಸಿಮೆಂಟನ್ನೂ ಸೀಳಿತ್ತು. "ಸಿಮೆಂಟನ್ನೇ ಸೀಳಿದೆ ಅಂದ್ರೆ ಬಿರುಕು ಸಿಮೆಂಟಿಗಿಂತ ಹೊಸದು ಸಾರ್! ಗುಡ್ಡ ಈಗ ಜರುಗ್ತಿದೆ" ಎಂದು ಫೋನಿನಲ್ಲಿ ಕೂಗಿದವನು, ಅಪ್ಪಣೆಗೆ ಕಾಯದೆ ಶಾಲೆಯ ಗಂಟೆಯನ್ನು ತಾನೇ ಬಾರಿಸಿಬಿಟ್ಟ. ಮಕ್ಕಳು "ರಜಾ!" ಎಂದು ಕೇಕೆ ಹಾಕುತ್ತ ದೂರದ ಬಯಲಿಗೆ ಓಡಿದರು, ಇವನು ಒಂದೊಂದು ಕೋಣೆಗೂ ಹೋಗಿ, ಬೆಂಚುಗಳ ಅಡಿಯಲ್ಲೂ ಇಣುಕಿ, ಎಲ್ಲರಿಗಿಂತ ಕೊನೆಯಲ್ಲಿ ಹೊರಬಂದ.